ಜೂನ್ ಒಂದರ ರವಿ

4 ಫೆಬ್ರವರಿ 2025, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ. ಇವರು ತೀರಿಕೊಂಡು ತಿಂಗಳಾಗಿಲ್ಲ, ಅತ್ತೆ ನನ್ನ ಮಗಳ ಜಾತಕ ಹಾಕಿಸಲು ಲಿಂಗಸುಗೂರಿಗೆ ಹೋಗಿದ್ದರು. ಜಾತಕದಲ್ಲಿ ರವಿಗ್ರಹ ಕೆಟ್ಟಿದೆ, ರವಿಯೆಂದರೆ ತಂದೆ ಎಂದರಂತೆ ಜೋಯಿಸರು. ಬಂದವರೇ ಎಂಟು ವರ್ಷದ ಮಗುವಿಗೆ ಅಂದರು: "ಅಪ್ಪನ್ನ ನುಂಗಿದಾಕಿ ನೀನೇ ಬೇ."

ಅವರು ಒಯ್ದದ್ದು ಆಧಾರ್ ಕಾರ್ಡಿನ ತಾರೀಖು. ಶಾಲೆಗೆ ವಯಸ್ಸು ಸಾಲದೆಂದು ಮಾಸ್ತರು ಜೂನ್ ಒಂದು ಎಂದು ಬರೆಸಿದ್ದರು. ಅವಳು ಹುಟ್ಟಿದ್ದು ನಾಗರಪಂಚಮಿಯ ಮರುದಿನ.

ಅದನ್ನೇ ಹೇಳಿದೆ. "ಹಂಗಾದ್ರ ಖರೇ ತಾರೀಖು ಬರದು ಕೊಡು, ಮತ್ತೊಮ್ಮೆ ತೋರಿಸ್ಕೊಂಡು ಬರ್ತೀನಿ" ಎಂದರು.

ಕೊಡುವುದಿಲ್ಲ. ಇವರನ್ನು ಕೊಂದದ್ದು ಮುದಗಲ್ ರಸ್ತೆಯಲ್ಲಿ ದೀಪವಿಲ್ಲದೆ ಬಂದ ಲಾರಿ. ಖರೇ ತಾರೀಖಿನ ಜಾತಕದಲ್ಲಿ ಒಳ್ಳೆಯ ರವಿ ಸಿಕ್ಕರೂ ನನಗೆ ಬೇಡ.

ಈಗ ಮಗಳು ಹೊದಿಕೆಯೊಳಗಿಂದ ಕೇಳಿದಳು: "ಅವ್ವಾ, ಖರೇ ತಾರೀಖಿನ್ಯಾಗೂ ನಾನೇ ಅಂತ ಬಂದ್ರ?"