ಎಡಬದಿಯಲ್ಲಿ ಬಲೆ ಹಾಸಿತ್ತು

ನನ್ನ ಚೇತನಾ,

ಇದು ಥ್ಯಾಂಕ್ಸ್ ಹೇಳುವ ಪತ್ರವೋ ಜಗಳದ ಪತ್ರವೋ ನನಗೇ ಗೊತ್ತಿಲ್ಲ. ಫೋನಿನಲ್ಲಿ ಕೇಳಿದರೆ ನೀನು ನಕ್ಕು ಮಾತು ಹಾರಿಸುತ್ತೀ. ಅದಕ್ಕೇ ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ತಂಡದ ಪಟ್ಟಿ ಇವತ್ತು ಬಂತು. ಅಂಕಣದ ಬದಿಯಿಂದ ಆಡುವ ವಿಂಗ್ ಆಟಗಾರ್ತಿಗೆ ಉಳಿದಿದ್ದ ಒಂದೇ ಜಾಗದಲ್ಲಿ ನನ್ನ ಹೆಸರಿದೆ, ನಿನ್ನದಿಲ್ಲ. ಅಮ್ಮ ಪಾಯಸ ಮಾಡಿದಳು. ಬಟ್ಟಲನ್ನು ಹಾಗೇ ಬಿಟ್ಟು ಈ ಪತ್ರ ಬರೆಯಲು ಕೂತೆ.

ಬೀಜಾಡಿಯ ನಮ್ಮ ಶಾಲೆಯ ಸಿಮೆಂಟ್ ಅಂಕಣ ನೆನಪಿದೆಯಲ್ಲ? ಸಂಜೆ ಅಪ್ಪ, ಅವರ ದೋಣಿಯವರು ರಿಂಗಿನ ಎಡಬದಿಗೆಲ್ಲ ಮೀನಿನ ಬಲೆ ಹಾಸಿ ಹರಿದದ್ದನ್ನು ಹೆಣೆಯುತ್ತಿದ್ದರು. "ಬಲೆ ಮೆಟ್ಬೇಡಿ ಮಕ್ಳೆ, ಅನ್ನ ಕೊಡುದ್ ಅದು," ಅನ್ನುತ್ತಿದ್ದರು ಅಪ್ಪ. ಚೆಂಡು ಆ ಕಡೆ ಉರುಳಿದರೆ ಅವರೇ ಎತ್ತಿಕೊಡುವವರೆಗೆ ನಾವು ಅಂಚಿನಲ್ಲಿ ನಿಂತಿರುತ್ತಿದ್ದೆವು. ಐದು ವರ್ಷ ಬಲಕ್ಕೇ ಆಡಿದೆವು. ನೀನು ಚೆಂಡು ಕೊಡುವುದು, ನಾನು ಬಲಮೂಲೆಯಿಂದ ಎಸೆಯುವುದು.

ನೀನು ಬ್ರಹ್ಮಾವರದ ಕಾಲೇಜಿಗೆ ಹೋಗಿ ಎರಡೂ ಬದಿ ಕಲಿತೆ. ಕುಂದಾಪುರದ ಕಾಲೇಜಿನಲ್ಲಿ ನನಗೆ ಕೈಗೆ ಚೆಂಡು ತಂದಿಡುವವರು ಯಾರೂ ಇರಲಿಲ್ಲ. ಅಲ್ಲಿನ ಕೋಚ್ ಉಮಾನಾಥ ಸರ್ ದಿನಾ ಬೈಯುತ್ತಿದ್ದರು: "ಕಾಯ್ತಾ ನಿಂತ್ರೆ ಆತಿಲ್ಲ ಅಮಿತಾ, ಜಾಗ ನೀನೇ ಮಾಡ್ಕಣ್ಕ್." ನುಗ್ಗುವಂತೆ ಹೆಜ್ಜೆಯಿಟ್ಟು, ಎದುರಿನವಳು ಹಿಂದೆ ಸರಿದ ಕೂಡಲೇ ನಿಂತು ಎಸೆಯುವುದನ್ನು ನಾನು ಕಲಿತೆ. ಆದರೆ ಬಲಕ್ಕೆ ಮಾತ್ರ. ಎಡಕ್ಕೆ ಹೊರಟರೆ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಇಲ್ಲದ ಬಲೆಗೆ ಹೆದರುತ್ತೇನೆಂದು ಸರ್‌ಗೆ ಹೇಳುವುದು ಹೇಗೆ?

ಆಯ್ಕೆ ಪಂದ್ಯದಲ್ಲಿ ಎದುರು ತಂಡದಲ್ಲಿ ನನ್ನನ್ನು ತಡೆಯಲು ನೀನೇ ನಿಂತೆ. ಬಲಬದಿಯನ್ನು ಗೋಡೆ ಕಟ್ಟಿದಂತೆ ಮುಚ್ಚಿದೆ. ನನ್ನ ಗುಟ್ಟು ಗೊತ್ತಿದ್ದವಳು ನೀನೊಬ್ಬಳೇ. ಎಷ್ಟು ಸಿಟ್ಟು ಬಂತು ಗೊತ್ತಾ? ಕೊನೆಯ ಐದು ನಿಮಿಷವಿದ್ದಾಗ ನನ್ನ ಕಿವಿಯ ಹತ್ತಿರ ನೀನು ಅಂದೆ: "ಎಡಕ್ಕ್ ಹೋಗ್ ಮಾರಾಯ್ತಿ, ಇಲ್ಲೆಂತ ಬಲೆ ಇತ್ತಾ?"

ಹೋದೆ. ನೀನು ಹಿಂದೆ ಬಿದ್ದೆ. ನಿಮ್ಮವಳೇ ಇನ್ನೊಬ್ಬಳು ನನ್ನ ಮೇಲೆ ಓಡಿಬಂದಳು, ಅವಳು ಬಿಟ್ಟುಬಂದ ಮೂಲೆಯಲ್ಲಿ ನಮ್ಮ ಸುಗುಣ ಒಬ್ಬಳೇ ಇದ್ದಳು. ನಾನೇ ಎಸೆಯಬಹುದಿತ್ತು, ಯಾಕೋ ಅವಳಿಗೆ ಕೊಟ್ಟೆ. ಅವಳು ರಿಂಗಿಗೆ ಎಸೆದಳು. ಬಿತ್ತು. ಮತ್ತೊಮ್ಮೆ ಎಡಕ್ಕೆ ಹೋದಾಗ ಯಾರೂ ಬರಲಿಲ್ಲ, ನಾನೇ ಎಸೆದೆ. ಅದೂ ಬಿತ್ತು. ಆಯ್ಕೆ ಮಾಡುವವರು ಆಗಲೇ ತಲೆಯೆತ್ತಿ ನೋಡಿದ್ದು.

ಈಗ ಹೇಳು, ಯಾಕೆ ಹಾಗಂದೆ? ಛೇಡಿಸಿದ್ದಾ? ಹೇಗೂ ಇವಳು ಹೋಗುವವಳಲ್ಲ ಎಂದುಕೊಂಡೆಯಾ? ಇಲ್ಲಾ ನಾನು ನಿಂತಲ್ಲೇ ನಿಂತಿದ್ದು ನೋಡಲಾಗಲಿಲ್ಲವಾ? ಬಾಯಿ ಮುಚ್ಚಿಕೊಂಡಿದ್ದರೆ ಆ ಜಾಗ ನಿನ್ನದೇ ಆಗಿತ್ತು ಮಾರಾಯ್ತಿ. ಖುಷಿಪಡಲೂ ಆಗದೆ, ಅಳಲೂ ಆಗದೆ ಕೂತಿದ್ದೇನೆ.

ಉತ್ತರ ಬರೆಯಬೇಡ, ಭಾನುವಾರ ನಮ್ಮ ಶಾಲೆಯ ಅಂಕಣಕ್ಕೆ ಬಾ. ಅಪ್ಪನಿಗೆ ಹೇಳಿದ್ದೇನೆ, ಅವತ್ತು ಬಲೆಯನ್ನು ಬಲಬದಿಗೆ ಹಾಸುತ್ತಾರೆ. ನಾವು ಎಡಕ್ಕೆ ಆಡೋಣ. ಚೆಂಡು ನಾನು ಕೊಡುತ್ತೇನೆ, ನೀನು ಎಸಿ.

ಆನೆಗುಡ್ಡೆ ಗಣಪತಿ ಮುಂದಿನ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರನ್ನೂ ಬರೆಸಲಿ.

ನಿನ್ನ ಬಲಮೂಲೆಯವಳು,
ಅಮಿತಾ