ಮೇಡಂ ಅಲ್ಲ, ವಿದ್ಯಾರ್ಥಿನಿ

ಜುಲೈ 8, ಸೋಮವಾರ

ಇಂದಿನ ಫಜೀತಿ ನೆನೆದರೆ ಈಗಲೂ ನಗು. ಹೆಡ್ ನರ್ಸ್ ಆಗಲು ಡಿಗ್ರಿ ಬೇಕೇ ಬೇಕೆಂದು ಈ ವಯಸ್ಸಿನಲ್ಲಿ ಕಾಲೇಜು ಸೇರಿದ್ದೇನೆ. ಡ್ಯೂಟಿ ಮುಗಿಸಿ ಮೊದಲ ಸಲ ಸಂಜೆ ತರಗತಿಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಂತು, "ಗುಡ್ ಈವ್ನಿಂಗ್ ಮೇಡಂ" ಅಂದರು. ವಾಪಸ್ ಓಡಿಬಿಡೋಣ ಅನ್ನಿಸಿತು.

"ಕೂತ್ಕೊಳ್ರಪ್ಪಾ, ನಾನೂ ಓದೋಕೇ ಬಂದಿದೀನಿ" ಎಂದು ಹಿಂದಿನ ಬೆಂಚಿಗೆ ಹೋದೆ. ಅಲ್ಲಿದ್ದ ಹುಡುಗಿ ಸರಿದು ಜಾಗ ಕೊಟ್ಟಳು.

ಪಾಠದ ನಡುವೆ ಅವಳು ಪಿಸುಗುಟ್ಟಿದಳು: "ಆಂಟಿ, ನಂಗೇನೂ ಅರ್ಥ ಆಗ್ತಿಲ್ಲ. ನಿಮ್ಗೆ?"

"ನಂಗೂ ಅಷ್ಟೇ ಕಣೇ."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮೇಷ್ಟ್ರು ಸಿಟ್ಟಾಗಿ ನಮ್ಮಿಬ್ಬರನ್ನೂ ಮುಂದಿನ ಬೆಂಚಿನಲ್ಲಿ ಕೂರಿಸಿದರು.

ಊಟಕ್ಕೆ ಕೂತಾಗ ಇವರಿಗೆ ಹೇಳಿದೆ, "ಮೊದಲ್ನೇ ದಿನಾನೇ ಬೈಸ್ಕೊಂಡೆ ಕಣ್ರೀ."

ಇವರು ತಲೆಯೆತ್ತದೆ ಅಂದರು, "ಹಾಗಾದ್ರೆ ಅಡ್ಮಿಷನ್ ಪಕ್ಕಾ ಆಯ್ತು ಬಿಡು."