ಯೂರ್ಗಾಳ ಪಾಲಿನ ಚಹಾ

ಲೇರ್
ಭಾನುವಾರ, 14 ಸೆಪ್ಟೆಂಬರ್ 2025

ನನ್ನ ಮುದ್ದು ಫ್ರೌಕೆ,

ನಿನ್ನ ಕಾಗದ ಗುರುವಾರ ಕೈಸೇರಿತು. ಫೋನ್ ಮಾಡದೆ ಬರೆದೆಯಲ್ಲ, ಒಳ್ಳೆಯದಾಯಿತು. ಫೋನಿನಲ್ಲಾದರೆ ನೀನು ಅವಳಿ ಮಕ್ಕಳ ಮೂಗು ಒರೆಸುತ್ತ ಹೂಂ ಹೂಂ ಎನ್ನುತ್ತೀಯ, ನಾನು ಹೇಳಬೇಕಾದದ್ದನ್ನು ಬಿಟ್ಟು ಗಾಳಿ ಮಳೆಯ ಸುದ್ದಿ ಹೇಳುತ್ತೇನೆ. ನಾನು ಆರಾಮಾಗಿದ್ದೇನೆ. ಮಂಡಿ ಆಪರೇಷನ್ ಆದ ಮೇಲೆ ಮೆಟ್ಟಿಲು ಹತ್ತುವುದು ನಿಧಾನ, ಆದರೆ ಹತ್ತುತ್ತೇನೆ.

ಕಾಗದದ ಜೊತೆ ಅಳಿಯಂದಿರ ಪಟ್ಟಿಯೂ ಇತ್ತು. ಟೊರ್ಬೆನ್ ನಿಮ್ಮ ಮದುವೆಯ ಊಟಕ್ಕೂ ಇಂಥದ್ದೇ ಪಟ್ಟಿ ಮಾಡಿದ್ದರು, ಯಾರ ತಟ್ಟೆಗೆ ಎಷ್ಟು ಆಲೂಗಡ್ಡೆ ಎಂಬುದೊಂದು ಬಾಕಿಯಿತ್ತು. ಅಕ್ಟೋಬರ್ ಒಂದಕ್ಕೆ ಜಾರ್ಜಿಯಾದಿಂದ ತಮ್ತಾ ಎಂಬ ಹುಡುಗಿ ಬರುತ್ತಾಳೆ, ಒಂದು ವರ್ಷ ನಿಮ್ಮ ಮನೆಯಲ್ಲೇ ಇದ್ದು ಅವಳಿಗಳನ್ನು ನೋಡಿಕೊಳ್ಳುತ್ತ ನಮ್ಮ ಜರ್ಮನ್ ಭಾಷೆ ಕಲಿಯುತ್ತಾಳೆ, ಅವಳಿಗೆ ಏನು ಕೊಟ್ಟರೆ ನ್ಯಾಯ ಹೇಳಮ್ಮ ಎಂದು ಕೇಳಿದ್ದೀಯ. ಪಟ್ಟಿಯ ಎಡಗಡೆ ಅವಳ ಕೆಲಸ, ವಾರಕ್ಕೆ ಮೂವತ್ತು ಗಂಟೆ. ಬಲಗಡೆ ನೀವು ಕೊಡುವುದು: ನಿಯಮದಂತೆ ತಿಂಗಳಿಗೆ ಇನ್ನೂರೆಂಬತ್ತು ಯೂರೋ ಕೈಖರ್ಚು, ಭಾಷೆಯ ತರಗತಿಗೆ ಎಪ್ಪತ್ತು, ಕೋಣೆ, ಊಟ, ವಿಮೆ, ಸೈಕಲ್, ಚಳಿಗೆ ನನ್ನಿಂದ ನಿನಗೆ ಬಂದ ಬೂದು ಬಣ್ಣದ ಉಣ್ಣೆ ಕೋಟು, ಮತ್ತೆ ಪ್ರತಿ ಶನಿವಾರ ರೈಲಿನಲ್ಲಿ ಲೇರಿಗೆ, ಅಜ್ಜಿ ಮನೆಗೆ ಪ್ರವಾಸ. ಇದಕ್ಕೆಲ್ಲ ಬೆಲೆ ಕಟ್ಟಿ, ಕೂಡಿಸಿ, ಅಂಗಡಿಯಲ್ಲಿ ದುಡಿಯುವ ಹುಡುಗಿಗಿಂತ ಇವಳೇ ಸುಖಿ ಎಂದು ತೋರಿಸಿದ್ದಾರೆ. ಕೂಡಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಮೂವತ್ತೈದು ವರ್ಷ ಊರಿನವರ ಬಾಯೊಳಗೆ ಇಣುಕಿದವಳು ನಾನು. ಬೆಳ್ಳಗಿದೆ ಎಂದು ಹಲ್ಲನ್ನು ತಟ್ಟಿ ನೋಡದೆ ಬಿಡುವ ಅಭ್ಯಾಸ ನನಗಿಲ್ಲ.

ನೀನು ಯೂರ್ಗಾಳ ಹೆಸರು ಎತ್ತಿದ್ದರಿಂದಲೇ ಈ ಕಾಗದ ಉದ್ದವಾಗುತ್ತಿದೆ. ನಮ್ಮ ಯೂರ್ಗಾಳಂಥವಳು ಸಿಕ್ಕರೆ ಸಾಕಮ್ಮ ಎಂದಿದ್ದೀಯ. ಒಂದು ಶನಿವಾರ ಇಡೀ ದಿನ ಆಲೂಗಡ್ಡೆ ದೋಸೆ ಹುಯ್ದು, ಒಂದಕ್ಕೆ ಮೊಲದ ಕಿವಿ, ಒಂದಕ್ಕೆ ಮೀನಿನ ಬಾಲ ಮಾಡಿಕೊಟ್ಟಳು, ನನ್ನ ಬಾಲ್ಯದಲ್ಲಿ ಅಷ್ಟು ಖುಷಿಯ ದಿನ ಇನ್ನೊಂದಿಲ್ಲ ಎಂದಿದ್ದೀಯ. ಆಮೇಲೆ, ಪಾಪ, ಓದಿನಲ್ಲಿ ಚುರುಕಿರಲಿಲ್ಲ, ಪರೀಕ್ಷೆ ಆಗದೆ ಊರಿಗೆ ಹೋದಳು ಎಂದೂ ಬರೆದಿದ್ದೀಯ. ಆ ಮಾತನ್ನು ನಿನ್ನ ಕಿವಿಗೆ ಹಾಕಿದವಳು ನಾನು. ಇಪ್ಪತ್ತೆಂಟು ವರ್ಷದಿಂದ ನೀನು ಅದನ್ನು ಹಾಗೇ ನಂಬಿಕೊಂಡಿದ್ದೀಯ.

ಅವಳು ನಿಮ್ಮನ್ನು ನೋಡಿಕೊಳ್ಳಲು ಲಿಥುವೇನಿಯಾದಿಂದ ಬಂದದ್ದು ತೊಂಬತ್ತಾರರ ಸೆಪ್ಟೆಂಬರಿನಲ್ಲಿ. ನಿನಗೆ ಏಳು, ನಿನ್ನ ತಮ್ಮ ಎನ್ನೊಗೆ ಮೂರು. ನಿಮ್ಮಪ್ಪ ಹಡಗಿನ ಮೇಲೆ, ನಾನು ಕ್ಲಿನಿಕ್ಕಿನಲ್ಲಿ. ತಿಂಗಳಿಗೆ ನಾನೂರು ಮಾರ್ಕ್ ಕೊಡುತ್ತಿದ್ದೆ, ಒಂದನೇ ತಾರೀಕು ತಪ್ಪಿಸಿದ್ದೇ ಇಲ್ಲ. ಮೇಲಿನ ಕೋಣೆ, ಹೊಸ ಹಾಸಿಗೆ, ಕ್ರಿಸ್‌ಮಸ್ಸಿಗೆ ಬೂಟು. ನೆರೆಯ ಗೇಶೆ ನೋಡಿ, "ಏನ್ರೀ ಡಾಕ್ಟ್ರೇ, ನೀವು ಹೀಗೆ ಕೊಟ್ರೆ ನಮ್ಮನೆ ಹುಡುಗಿ ಓಡಿಹೋಗ್ತಾಳಷ್ಟೆ" ಎಂದಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ನನ್ನ ಪಟ್ಟಿಯೂ ಅಳಿಯಂದಿರ ಪಟ್ಟಿಯ ಹಾಗೆ ಸರಿಯಾಗಿಯೇ ಇತ್ತು.

ಯೂರ್ಗಾ ನರ್ಸಿಂಗ್ ಶಾಲೆ ಸೇರಬೇಕೆಂದಿದ್ದಳು. ಅದಕ್ಕೆ ಜರ್ಮನ್ ಪರೀಕ್ಷೆಯ ಸರ್ಟಿಫಿಕೇಟು ಬೇಕು, ಪರೀಕ್ಷೆ ಮಾರ್ಚಿನ ಒಂದು ಶನಿವಾರ ಓಲ್ಡೆನ್‌ಬುರ್ಗಿನಲ್ಲಿ. ಮುಂದಿನದು ಅಕ್ಟೋಬರಿನಲ್ಲಿ, ಅವಳ ವೀಸಾ ಜುಲೈಗೇ ಮುಗಿಯುತ್ತಿತ್ತು. ಎನ್ನೊನನ್ನು ಕಾಲ ಮೇಲೆ ಮಲಗಿಸಿಕೊಂಡು ಅವಳು ಓದುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಚುರುಕಿರಲಿಲ್ಲವಂತೆ. ನಿನಗೆ ಗುಣಾಕಾರ ಹೇಳಿಕೊಟ್ಟವಳು ಅವಳು, ಅದೂ ನಮ್ಮ ಭಾಷೆಯಲ್ಲಿ.

ಹಿಂದಿನ ದಿನ ಶುಕ್ರವಾರ ಸಂಜೆ ನಾನು ಅವಳನ್ನು ಕರೆದು, "ಯೂರ್ಗಾ, ನಾಳೆ ಒಂದಿನ ಮಕ್ಕಳನ್ನ ನೋಡ್ಕೋತೀಯಾ? ಅರ್ಜೆಂಟ್ ಪೇಷಂಟ್ ಒಬ್ರು ಬರ್ತಿದಾರೆ. ನೀನು ನಮ್ಮನೆಯವಳೇ ಅಲ್ವಾ, ನಿನ್ನನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ" ಎಂದೆ. ದವಡೆ ಊದಿದ ಮನುಷ್ಯನಿಗೆ ಸೋಮವಾರ ಬಾ ಎನ್ನಲು ಆಗುತ್ತದೆಯೇ ಎಂದೂ ಸೇರಿಸಿದೆ. ಅವಳು ಎನ್ನೊನ ಅಂಗಿಯ ಗುಂಡಿ ಹಾಕಿ ಮುಗಿಸಿದಳು. ಆಮೇಲೆ "ಆಯ್ತು ಡಾಕ್ಟ್ರಮ್ಮ" ಎಂದಳು. ನಿನ್ನ ಮೊಲದ ಕಿವಿಯ ದೋಸೆ ಮರುದಿನದ್ದು. ಓಲ್ಡೆನ್‌ಬುರ್ಗಿನಲ್ಲಿ ಉತ್ತರ ಬರೆಯಬೇಕಾದ ಹೊತ್ತಿನಲ್ಲಿ ಅವಳು ನಿಮಗೆ ಹಿಟ್ಟು ಕಲಸುತ್ತಿದ್ದಳು. ನಿನ್ನ ಖುಷಿಯ ದಿನವನ್ನು ಕೆಡಿಸಿದೆ, ಕ್ಷಮಿಸು.

ಕೆಲಸ ಹೇಳುವಾಗ ಅವಳು ಮನೆಮಗಳು, ಕೊಡುವಾಗ ಹೊರಗಿನವಳು. ಇದು ನನಗೆ ಆಗ ಹೊಳೆಯಲಿಲ್ಲ. ಜುಲೈನಲ್ಲಿ, ಅವಳು ಹೊರಡುವ ದಿನ, ಚಹಾ ಕುಡಿಯುವಾಗ ಹೊಳೆಯಿತು.

ನಾಲ್ಕು ಗಂಟೆಯ ಚಹಾ ನಮ್ಮ ಮನೆಯಲ್ಲಿ ತಪ್ಪುವುದಿಲ್ಲ. ಕಲ್ಲುಸಕ್ಕರೆ, ಮೇಲೆ ಕೆನೆ, ಒಬ್ಬೊಬ್ಬರಿಗೆ ಮೂರು ಕಪ್ಪು. ಸಾಕು ಎನ್ನುವವರು ಬಾಯಿ ಬಿಟ್ಟು ಹೇಳುವುದಿಲ್ಲ, ಚಮಚವನ್ನು ಖಾಲಿ ಕಪ್ಪಿನೊಳಗೆ ಇಡುತ್ತಾರೆ. ನೀನಂತೂ ಅದನ್ನು ಮಾತಿಗಿಂತ ಮೊದಲು ಕಲಿತೆ. ಯೂರ್ಗಾ ಮೊದಲ ದಿನದಿಂದ ಕೆನೆಯನ್ನು ಕಲಕಿ, ಚಮಚ ಕಪ್ಪಿನಲ್ಲೇ ಬಿಟ್ಟು ಕುಡಿಯುತ್ತಿದ್ದಳು. ನಾವು ಕೆನೆ ಕಲಕುವುದಿಲ್ಲ, ಆದರೆ ಅತಿಥಿಯನ್ನು ತಿದ್ದುವುದು ಸರಿಯಲ್ಲ ಎಂದು ಸುಮ್ಮನಿದ್ದೆ. ಒಂದೇ ಕಪ್ಪಿಗೆ ಸಾಕು ಎನ್ನುತ್ತಾಳೆ, ನಮ್ಮ ಚಹಾ ಅವಳಿಗೆ ಹಿಡಿಸಿಲ್ಲ ಎಂದುಕೊಂಡೆ. ನಮಗೆಲ್ಲ ಮೂರು ಮೂರು ಹುಯ್ದು ಅವಳನ್ನು ದಾಟಿಸಿ ಕೆಟಲ್ ಇಡುತ್ತಿದ್ದೆ.

ಆ ದಿನ ಪೆಟ್ಟಿಗೆ ಬಾಗಿಲ ಬಳಿ ಇತ್ತು. ಅವಳು ಮೊದಲ ಕಪ್ಪು ಮುಗಿಸಿ, ಬೇಡುವ ದನಿಯಲ್ಲ, ತಮಾಷೆಯೆಂಬಂತೆ, "ಡಾಕ್ಟ್ರಮ್ಮ, ಇವತ್ತು ಕೊನೇ ದಿನ ಅಲ್ವಾ, ಇನ್ನೊಂದು ಕಪ್ ಕೇಳಬಹುದಾ?" ಎಂದಳು. ನಾನು ನಕ್ಕುಬಿಟ್ಟೆ. "ದಿನಾ ಸಾಕು ಅಂತ ಚಮಚ ಇಡೋಳು ನೀನೇ ಅಲ್ವೇನೇ" ಎಂದೆ. ಅವಳು ಚಮಚವನ್ನು ನೋಡಿದಳು. ನನ್ನ ತಟ್ಟೆಯಲ್ಲಿದ್ದ ಚಮಚವನ್ನು ನೋಡಿದಳು. "ನಮ್ಮೂರಲ್ಲಿ ಹಾಗೇ ಬಿಡ್ತೀವಿ. ನನ್ನ ಪಾಲಿಗೆ ಒಂದೇ ಅಂದ್ಕೊಂಡಿದ್ದೆ" ಎಂದಳು.

ಹತ್ತು ತಿಂಗಳು, ಫ್ರೌಕೆ. ನನ್ನ ಎದುರೇ ಕೂತು, ನಾವು ಎರಡನೆಯದು ಮೂರನೆಯದು ಕುಡಿಯುವುದನ್ನು ನೋಡುತ್ತ, ತನಗೆ ನಿಗದಿಯಾದದ್ದು ಇಷ್ಟೇ ಎಂದುಕೊಂಡಿದ್ದಳು. ಕೇಳಬಹುದು ಎಂದು ಅವಳಿಗೆ ಅನ್ನಿಸಿದ್ದು ಕೆಲಸ ಮುಗಿದ ದಿನ. ಹಾಗಿದ್ದರೆ ಮಾರ್ಚಿನಲ್ಲಿ ಅವಳು ಆಡಿದ "ಆಯ್ತು" ಎಂಥ ಆಯ್ತು ಎಂದು ನನಗೆ ಆಗ ಅರ್ಥವಾಯಿತು. ಎರಡನೆಯ ಕಪ್ಪು ಹುಯ್ದೆ, ಮೂರನೆಯದನ್ನು ಅವಳು ಬಸ್ಸಿನ ಹೊತ್ತಾಯಿತೆಂದು ನಿಂತೇ ಕುಡಿದಳು. ನನಗೆ ನಾಚಿಕೆಯಾಗಿತ್ತು, ಹೇಳಲಿಲ್ಲ. ದಾರಿಗೆಂದು ಒಂದು ಪೊಟ್ಟಣ ಚಹಾಪುಡಿ ಕೊಟ್ಟು ಕಳಿಸಿದೆ.

ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ. ಇನ್ನೂರೆಂಬತ್ತಕ್ಕೆ ಮೇಲೆ ನಿಮ್ಮ ಕೈಲಾದಷ್ಟು ಸೇರಿಸಿ. ತರಗತಿಯ ಶುಲ್ಕ ಪೂರ್ತಿ ನೀವೇ ಕಟ್ಟಿ. ಆ ಎಪ್ಪತ್ತರಲ್ಲಿ ಈಗ ಯಾವ ತರಗತಿಯೂ ಮುಗಿಯುವುದಿಲ್ಲ. ಅವಳ ಕೋಣೆಗೆ ಒಳಗಿನಿಂದ ಚಿಲಕ ಇರಲಿ. ಅವಳಿಗೂ ನಿಮಗೂ ಒಂದೇ ಬೆಣ್ಣೆ, ಒಂದೇ ಚೀಸು. ಮೂವತ್ತು ಗಂಟೆ ಮೀರಿದರೆ ಆ ವಾರವೇ ಬಿಡುವು ಕೊಡು, ಆಮೇಲೆ ನೋಡೋಣ ಎನ್ನಬೇಡ. ಏನಾದರೂ ಹೆಚ್ಚಿನದು ಕೇಳುವುದಿದ್ದರೆ ಸೋಮವಾರ ಕೇಳು, ಶುಕ್ರವಾರ ಸಂಜೆ ಕೇಳಬೇಡ. ಅವಳಿಗೆ ಆಗಲ್ಲ ಎನ್ನಲು ನಾಲ್ಕು ದಿನ ಸಿಗಲಿ. ಒಮ್ಮೆಯಾದರೂ ಅವಳು ಆಗಲ್ಲ ಎಂದ ಮೇಲೂ ಅಳಿಯಂದಿರ ಮುಖ ಊದದಿದ್ದರೆ, ನ್ಯಾಯವಾಗಿ ಕೊಟ್ಟಿದ್ದೀರಿ ಎಂದು ತಿಳಿದುಕೋ. ಚಹಾ ಹುಯ್ಯುವ ಮೊದಲ ದಿನವೇ ಚಮಚದ ವಿಷಯ ಹೇಳಿಬಿಡು.

ಇನ್ನು ಬಲಗಡೆಯ ಆ ಶನಿವಾರದ ಪ್ರವಾಸ. ಅಳಿಯಂದಿರು ಅದನ್ನು ಸವಲತ್ತಿನ ಸಾಲಿಗೆ ಸೇರಿಸಿದ್ದು ನೋಡಿ ನಗು ಬಂತು. ಲೇರಿನಲ್ಲಿ ಆ ಹುಡುಗಿ ನೋಡುವುದೇನು? ನನ್ನ ಊದಿದ ಕಾಲನ್ನು. ಬಿಗಿ ಕಾಲುಚೀಲ ಹಾಕಿಕೊಳ್ಳಲು ನನಗೆ ಬಗ್ಗಲಾಗುವುದಿಲ್ಲ, ನೆಲ ಒರೆಸಲಾಗುವುದಿಲ್ಲ ಎಂದು ನಿನಗೆ ಗೊತ್ತು. ನೇರ ಹೇಳಿದರೆ ನಾನು ಬೇಡ ಎನ್ನುತ್ತೇನೆ ಎಂಬುದೂ ಗೊತ್ತು. ನಿನ್ನ ಪ್ರೀತಿ ಅರ್ಥವಾಗುತ್ತದೆ, ಕಣ್ಣು ತುಂಬಿತು ಎಂದೂ ಹೇಳುತ್ತೇನೆ. ಆದರೆ ಆ ಸಾಲು ಹೊಡೆದುಹಾಕು. ಶನಿವಾರ ಅವಳದು. ಆರೈಕೆ ಕೇಂದ್ರಕ್ಕೆ ನಿನ್ನೆಯೇ ಫೋನ್ ಮಾಡಿದ್ದೇನೆ. ನಾಳೆಯಿಂದ ಬೆಳಿಗ್ಗೆ ಒಬ್ಬ ಹೆಂಗಸು ಬಂದು ಕಾಲುಚೀಲ ಹಾಕಿಸಿ ಹೋಗುತ್ತಾಳೆ, ಗಂಟೆಯ ಲೆಕ್ಕದಲ್ಲಿ ಸಂಬಳ. ತಮ್ತಾಗೆ ಮನಸ್ಸಾದರೆ ಯಾವಾಗಲಾದರೂ ಬರಲಿ, ಅತಿಥಿಯಾಗಿ. ಮೂರು ಕಪ್ಪು ಹುಯ್ಯುತ್ತೇನೆ.

ಅವಳಿಗಳಿಗೆ ಮುತ್ತು. ಅಳಿಯಂದಿರಿಗೆ ಈ ಕಾಗದ ತೋರಿಸು, ಬೇಸರ ಮಾಡಿಕೊಳ್ಳುವುದು ಬೇಡ ಎನ್ನು.

ನಿನ್ನನ್ನು ಸದಾ ನೆನೆಯುವ
ಅಮ್ಮ
ಥೆಡಾ

ಮರೆತದ್ದು: ಕಾಗದ ಮಡಿಸಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಆ ಶನಿವಾರ ದವಡೆ ಊದಿದ ರೋಗಿ ಯಾರೂ ಬಂದಿರಲಿಲ್ಲ. ಕ್ಲಿನಿಕ್ಕಿಗೆ ಬೀಗ ಹಾಕಿತ್ತು. ನಿನ್ನ ಇಮ್ಕೆ ಚಿಕ್ಕಮ್ಮನ ಜೊತೆ ಗಡಿಯಾಚೆ ಗ್ರೋನಿಂಗನ್ನಿಗೆ ಹೋಗಿದ್ದೆ, ರಿಯಾಯಿತಿ ಮಾರಾಟದ ಕೊನೆಯ ದಿನ. ಆವತ್ತು ತಂದದ್ದೇ ಆ ಬೂದು ಕೋಟು. ತಮ್ತಾಗೆ ಅದನ್ನು ಮಾತ್ರ ಕೊಡಬೇಡ. ಅಂಗಡಿಗೆ ಕರೆದುಕೊಂಡು ಹೋಗಿ ಅವಳೇ ಆರಿಸಿದ ಹೊಸದನ್ನು ಕೊಡಿಸು, ಹಣ ನಾನು ಕಳಿಸುತ್ತೇನೆ.